ಪಂದ್ಯಾವಳಿ ಮೊದಲು, ಮನ್ನಣೆ ಆಮೇಲೆ

ಮಹಿಳೆಯರ ಐಸ್ ಹಾಕಿಯ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ 1990ರ ಮಾರ್ಚಿನಲ್ಲಿ ಕೆನಡಾದ ರಾಜಧಾನಿ ಒಟ್ಟಾವದಲ್ಲಿ ನಡೆಯಿತು. ಎಂಟು ದೇಶಗಳು ಬಂದಿದ್ದವು. ಫೈನಲಿನಲ್ಲಿ ಕೆನಡಾ ಅಮೆರಿಕವನ್ನು 5-2ರಿಂದ ಸೋಲಿಸಿತು. ಈ ಆಟದ ಚರಿತ್ರೆಯನ್ನು ಬಹಳ ಮಂದಿ ಇಲ್ಲಿಂದಲೇ ಆರಂಭಿಸುತ್ತಾರೆ. ಅಂತರರಾಷ್ಟ್ರೀಯ ಒಕ್ಕೂಟ ಬಾಗಿಲು ತೆರೆಯಿತು, ಮಹಿಳೆಯರು ಒಳಗೆ ಬಂದರು ಎಂಬ ಹಾಗೆ. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ಆಡುವವರು ಮೊದಲು ತಮ್ಮ ಪಂದ್ಯಾವಳಿ ಕಟ್ಟಿಕೊಂಡರು, ಒಕ್ಕೂಟ ಆಮೇಲೆ ಬಂದು ಅದಕ್ಕೆ ಮುದ್ರೆ ಒತ್ತಿತು. ಕೆನಡಾದಲ್ಲಿ ಮಾತ್ರ ಹೀಗಾಯಿತೆಂದಿಲ್ಲ. ಲಡಾಖಿನಲ್ಲೂ ನಮ್ಮ ಕರ್ನಾಟಕದಲ್ಲೂ ದಾಖಲೆ ಇದನ್ನೇ ಹೇಳುತ್ತದೆ.

ಒಟ್ಟಾವದಲ್ಲೇ, ಆ ಚಾಂಪಿಯನ್‌ಷಿಪ್ಪಿಗೆ ಸುಮಾರು ನೂರು ವರ್ಷ ಮೊದಲು, ಗವರ್ನರ್ ಜನರಲ್ ನಿವಾಸದ ಅಂಗಳದ ಮಂಜುಗಡ್ಡೆಯ ಮೇಲೆ ಹೆಂಗಸರು ಕೋಲು ಹಿಡಿದು ಆಡುತ್ತಿರುವ ಛಾಯಾಚಿತ್ರವಿದೆ. ಅದರಲ್ಲಿ ಬಿಳಿಯ ಉದ್ದ ಲಂಗ ತೊಟ್ಟವಳು ಇಸೊಬೆಲ್ ಸ್ಟ್ಯಾನ್ಲಿ. ಗಂಡಸರ ಐಸ್ ಹಾಕಿಯ ಅತಿ ಪ್ರಸಿದ್ಧ ಕಪ್ ಇವಳ ತಂದೆಯ ಹೆಸರಿನದು. 1930ರ ದಶಕದಲ್ಲಿ ಪ್ರೆಸ್ಟನ್ ರಿವ್ಯುಲೆಟ್ಸ್ ಎಂಬ ಮಹಿಳಾ ತಂಡ ಕೆನಡಾದಲ್ಲಿ ಎದುರಾಳಿಗಳೇ ಇಲ್ಲವೆಂಬಂತೆ ಗೆಲ್ಲುತ್ತ ಹೋಯಿತು. ಯುದ್ಧ ಬಂತು, ತಂಡ ಚದುರಿತು. ಯುದ್ಧ ಮುಗಿದ ಮೇಲೆ ಗಂಡಸರ ಆಟ ಮತ್ತೆ ಚಿಗುರಿತು, ಹೆಂಗಸರ ಆಟಕ್ಕೆ ರಿಂಕಿನಲ್ಲಿ ಹೊತ್ತೇ ಸಿಗಲಿಲ್ಲ. 1950ರ ದಶಕದ ನಡುವಿನಲ್ಲಿ ಟೊರಾಂಟೊದ ಪುಟ್ಟ ಹುಡುಗಿ ಆಬಿ ಹಾಫ್‌ಮನ್ ಕೂದಲು ಕತ್ತರಿಸಿಕೊಂಡು ಹುಡುಗರ ಲೀಗಿನಲ್ಲಿ ಹುಡುಗನಂತೆ ಆಡಿದಳು. ಚೆನ್ನಾಗಿ ಆಡಿದ್ದಕ್ಕೆ ವಿಶೇಷ ತಂಡಕ್ಕೆ ಆಯ್ಕೆಯಾದಳು. ಆಗ ಜನನ ಪತ್ರ ಕೇಳಿದರು, ಗುಟ್ಟು ಹೊರಬಿತ್ತು. ಆಟ ಬಾರದೆ ಅವಳು ಹೊರಗುಳಿದದ್ದಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಮುಂದೆ ಅವಳು 800 ಮೀಟರ್ ಓಟಗಾರ್ತಿಯಾಗಿ ನಾಲ್ಕು ಒಲಿಂಪಿಕ್ಸ್ ಕಂಡಳು. 1982ರಲ್ಲಿ ಶುರುವಾದ ಕೆನಡಾದ ಮಹಿಳಾ ರಾಷ್ಟ್ರೀಯ ಐಸ್ ಹಾಕಿಯ ಕಪ್ಪಿಗೆ ಅವಳ ಹೆಸರನ್ನೇ ಇಟ್ಟರು.

ನಿರ್ಣಾಯಕ ವರ್ಷವೆಂದರೆ 1987. ಫ್ರಾನ್ ರೈಡರ್ ಮುಂದಾಳತ್ವದ ಒಂಟಾರಿಯೊ ಮಹಿಳಾ ಹಾಕಿ ಸಂಘ ಟೊರಾಂಟೊ ಪ್ರದೇಶದಲ್ಲಿ ತಾನೇ ಒಂದು ವಿಶ್ವ ಪಂದ್ಯಾವಳಿ ನಡೆಸಿತು. ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಅದಕ್ಕಿರಲಿಲ್ಲ. ಅಮೆರಿಕ, ಸ್ವೀಡನ್, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್, ಜಪಾನ್ ತಂಡಗಳು ಬಂದವು. ಪಕ್ಕದ ಮಿಸಿಸಾಗ ನಗರದ ಮೇಯರ್ ಹೇಜಲ್ ಮೆಕ್‌ಕ್ಯಾಲಿಯನ್, ಯೌವನದಲ್ಲಿ ಸ್ವತಃ ಐಸ್ ಹಾಕಿ ಆಡಿದವರು, ಬೆನ್ನಿಗೆ ನಿಂತರು. ಒಕ್ಕೂಟದ ಪ್ರತಿನಿಧಿಗಳನ್ನು ಕರೆದು ಕೂರಿಸಿ ಆಟ ತೋರಿಸಿದರು. ಮೂರು ವರ್ಷದ ಬಳಿಕ ಒಟ್ಟಾವದಲ್ಲಿ ನಡೆದದ್ದು ಇದರ ಫಲ. 1992ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿತು, 1998ರಲ್ಲಿ ಜಪಾನಿನ ನಗಾನೊದಲ್ಲಿ ಮೊದಲ ಒಲಿಂಪಿಕ್ ಪಂದ್ಯಗಳು ನಡೆದವು. ಗಂಡಸರ ಐಸ್ ಹಾಕಿ ಒಲಿಂಪಿಕ್ಸಿಗೆ ಬಂದದ್ದು 1920ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಮೈದಾನದ ಹಾಕಿಯ ಲೆಕ್ಕವೂ ಹೆಚ್ಚು ಬೇರೆಯಲ್ಲ. ಗಂಡಸರದು 1908ರಲ್ಲೇ ಒಲಿಂಪಿಕ್ಸ್ ಸೇರಿತು, ಹೆಂಗಸರದು 1980ರ ಮಾಸ್ಕೋದಲ್ಲಿ. ನಡುವಿನ ದಶಕಗಳಲ್ಲಿ ಆಟವನ್ನು ಉಳಿಸಿದ್ದು ಮಹಿಳೆಯರದೇ ಸಂಘಟನೆಗಳು: 1927ರಲ್ಲಿ ಹುಟ್ಟಿದ ಅವರ ಅಂತರರಾಷ್ಟ್ರೀಯ ಒಕ್ಕೂಟ ಮತ್ತು ಸ್ವಾತಂತ್ರ್ಯದ ಹೊತ್ತಿಗೆ ನಮ್ಮಲ್ಲಿ ರೂಪುಗೊಂಡ ಅಖಿಲ ಭಾರತ ಮಹಿಳಾ ಹಾಕಿ ಸಂಸ್ಥೆ. ಈ ನೆಲೆಯ ಮೇಲೆಯೇ ಅಂದಿನ ಮೈಸೂರು ರಾಜ್ಯದ ಮಹಿಳಾ ತಂಡ ದೇಶದಲ್ಲಿ ಮೊದಲ ಸಾಲಿಗೇರಿತು. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ 1960ರಿಂದ 1967ರವರೆಗೆ ಆ ತಂಡದ ನಾಯಕಿ. ಆ ಅವಧಿಯಲ್ಲಿ ತಂಡ ಗೆದ್ದದ್ದು ಏಳು ರಾಷ್ಟ್ರೀಯ ಪ್ರಶಸ್ತಿ. ಸೋದರಿಯರಾದ ರೀಟಾ ಮತ್ತು ಮೇ ಜೊತೆಗೇ ಆಡಿದರು. ಎಲ್ವೆರಾಗೆ 1965ರ ಅರ್ಜುನ ಪ್ರಶಸ್ತಿ ಬಂತು. ಆದರೆ ಮಹಿಳೆಯರ ಮೊದಲ ವಿಶ್ವಕಪ್ ನಡೆದದ್ದು 1974ರಲ್ಲಿ, ಫ್ರಾನ್ಸಿನ ಮಾಂಡೆಲ್ಯೂದಲ್ಲಿ. ಭಾರತ ಅಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಹಾಗೆಂದರೆ ಕನ್ನಡ ನಾಡಿನ ಅತ್ಯುತ್ತಮ ಮಹಿಳಾ ತಂಡ ತನ್ನ ಉತ್ತುಂಗದಲ್ಲಿದ್ದಾಗ ಆಡಲು ವಿಶ್ವಕಪ್ ಎಂಬುದೇ ಇರಲಿಲ್ಲ. 2022ರಲ್ಲಿ ತೀರಿಕೊಂಡ ಎಲ್ವೆರಾ ಅವರ ಹೆಸರನ್ನು ಇಂದು ನಮ್ಮ ಎಷ್ಟು ಶಾಲೆಗಳಲ್ಲಿ ಹೇಳಿಕೊಡುತ್ತಾರೆ? ಈ ಮರೆವು ನನಗೆ ನೋವಿನ ಸಂಗತಿ.

ಒಕ್ಕೂಟವಿಲ್ಲದೆ ಇದೆಲ್ಲ ಎಷ್ಟು ದಿನ ನಡೆದೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಲಿಂಪಿಕ್ಸಿನ ಬಾಗಿಲು, ಸರ್ಕಾರದ ಹಣ, ತರಬೇತುದಾರರ ಸಂಬಳ, ಇವು ಮಾನ್ಯತೆಯ ಜೊತೆಗೇ ಬರುತ್ತವೆ. ಪ್ರೆಸ್ಟನ್ ತಂಡ ಚದುರಿದಾಗ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ ಎಂಬುದು ಇದಕ್ಕೆ ಪುರಾವೆ. ಆದರೆ ಒಕ್ಕೂಟ ತಾನಾಗಿ ಎದ್ದು ಬಂದ ಉದಾಹರಣೆ ಈ ಚರಿತ್ರೆಯಲ್ಲಿ ನನಗೆ ಕಾಣುವುದಿಲ್ಲ. ಕಣ್ಣೆದುರು ಪಂದ್ಯಾವಳಿ ನಡೆಯುತ್ತಿರುವಾಗ, ಜನ ಸೇರಿರುವಾಗ, ಇಲ್ಲವೆನ್ನಲಾಗದ ಸ್ಥಿತಿಯಲ್ಲಿ ಅದು ಬಂದಿದೆ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭಿಸಿದಾಗಲೂ ಯಾವ ಒಕ್ಕೂಟ ಹೇಳಿದ್ದೂ ಅಲ್ಲ. ಮೊದಲ ವರ್ಷ ಅರವತ್ತು ಕುಟುಂಬಗಳು ಆಡಿದವು, ಈಗ ಅದು ಮುನ್ನೂರನ್ನು ಮೀರಿದೆ. ಮನೆತನದ ತಂಡದಲ್ಲಿ ಅಣ್ಣನ ಪಕ್ಕದಲ್ಲಿ ತಂಗಿ ಕೋಲು ಹಿಡಿದು ನಿಲ್ಲುವುದು ಅಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಭಾಗದ ಓದುಗರದು. ಹೆಬ್ಬೆಯ ಜಲಪಾತ ಯಾವ ಮಾಗಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಕೆಮ್ಮಣ್ಣುಗುಂಡಿಯ ಚಳಿ ಶಾಲು ಹೊದೆಯುವಷ್ಟರದು. ಮಂಜುಗಡ್ಡೆಯ ಆಟದಿಂದ ಇಲ್ಲಿಯವರಿಗೆ ಏನಾಗಬೇಕು? ಭಾರತದ ಮಹಿಳಾ ಐಸ್ ಹಾಕಿ ತಂಡದ ದಾರಿಯನ್ನು ನೋಡಿದರೆ ಈ ಪ್ರಶ್ನೆಯ ಬಲ ಕುಗ್ಗುತ್ತದೆ. ತಂಡದ ಹೆಚ್ಚಿನವರು ಲಡಾಖಿನವರು. ಎರಡು ಮೂರು ತಿಂಗಳು ಮಾತ್ರ ಗಟ್ಟಿಯಾಗಿರುವ ಕೆರೆಗಳ ಮೇಲೆ, ಬೇರೆಯವರು ಬಳಸಿ ಬಿಟ್ಟ ಸಾಮಗ್ರಿ ತೊಟ್ಟು ಕಲಿತವರು. 2016ರಲ್ಲಿ ಜನರಿಂದ ಚಂದಾ ಎತ್ತಿ ಮೊದಲ ಬಾರಿಗೆ ಏಷ್ಯಾ ಚಾಲೆಂಜ್ ಕಪ್ಪಿಗೆ ಹೋದರು; ಅದು ನಡೆದದ್ದು ತೈಪೆಯಲ್ಲಿ. 2017ರಲ್ಲಿ ಮೊದಲ ಗೆಲುವು ಬಂತು, ಫಿಲಿಪೀನ್ಸ್ ವಿರುದ್ಧ 4-3ರಿಂದ, ಬ್ಯಾಂಕಾಕಿನಲ್ಲಿ. 2025ರಲ್ಲಿ ಏಷ್ಯಾ ಮಟ್ಟದ ಮೊದಲ ಪದಕ, ಕಂಚು, ಅರಬ್ ಸಂಯುಕ್ತ ಸಂಸ್ಥಾನದ ಅಲ್ ಐನ್ ಎಂಬ ಮರುಭೂಮಿಯ ಊರಿನಲ್ಲಿ. ಹಿಮದ ನಾಡಿನ ಹುಡುಗಿಯರು ಹಿಮ ಬೀಳದ ಊರುಗಳಿಗೆ ಹೋಗಿ ಆಡಬೇಕಾಯಿತು, ಏಕೆಂದರೆ ವರ್ಷವಿಡೀ ನಡೆಯುವ ರಿಂಕ್ ಅಲ್ಲಿತ್ತು. ನಮ್ಮಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನಿನಲ್ಲಿ ಕಟ್ಟಿದ ರಿಂಕ್ ಕೂಟ ಮುಗಿದ ಮೇಲೆ ವರ್ಷಗಟ್ಟಲೆ ಬೀಗ ಹಾಕಿಕೊಂಡು ಬಿದ್ದಿತ್ತು. ಹಿಮ ಕಾಣದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಹಿಮದ ಮೇಲಿನ ಸ್ಕೀ ಓಟದಲ್ಲಿ ಖೇಲೋ ಇಂಡಿಯಾ ಚಿನ್ನ ಗೆದ್ದು, 2025ರಲ್ಲಿ ಚಿಲಿಯಲ್ಲಿ ಅಂತರರಾಷ್ಟ್ರೀಯ ಕಂಚನ್ನೂ ತಂದರು. ಹವಾಮಾನ ಹಣೆಬರಹವಲ್ಲ.

ಕೊನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು. 1990ರಿಂದ 2025ರವರೆಗಿನ ವಿಶ್ವ ಪ್ರಶಸ್ತಿಗಳೆಲ್ಲ ಕೆನಡಾ ಮತ್ತು ಅಮೆರಿಕದ ಪಾಲಾಗಿವೆ. ಮೂರನೆಯ ದೇಶವೊಂದು ಫೈನಲ್ ಮುಟ್ಟಿದ್ದು ಒಮ್ಮೆ ಮಾತ್ರ, 2019ರಲ್ಲಿ ಫಿನ್‌ಲೆಂಡ್. 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಸಮಿತಿಯ ಅಧ್ಯಕ್ಷ ಜಾಕ್ ರೋಗ್ ಇದನ್ನೇ ಎತ್ತಿ, ಸುಧಾರಣೆಯಿಲ್ಲದೆ ಹೀಗೇ ಮುಂದುವರಿಯಲಾಗದೆಂದು ಎಚ್ಚರಿಸಿದರು. ಅಂಕಿ ಅಂಶ ಅವರ ಕಡೆಗಿತ್ತು, ಒಪ್ಪುತ್ತೇನೆ. ಆದರೆ ಆ ಎರಡು ದೇಶಗಳಲ್ಲಿ ಬಲ ಬಂದದ್ದು ಅಲ್ಲಿನ ಹುಡುಗಿಯರಿಗೆ ಊರೂರಲ್ಲಿ ಲೀಗು, ಕಾಲೇಜಿನಲ್ಲಿ ತಂಡ, ರಿಂಕಿನಲ್ಲಿ ಹೊತ್ತು ಸಿಕ್ಕಿದ್ದರಿಂದ. ಉಳಿದ ಕಡೆ ಅವು ಸಿಗದಿರುವಾಗ, ದುರ್ಬಲರೆಂದು ಪಂದ್ಯಾವಳಿಯನ್ನೇ ಕಿತ್ತುಕೊಂಡರೆ ದುರ್ಬಲತೆ ಇನ್ನಷ್ಟು ಬೇರೂರುತ್ತದೆ.

ಆದ್ದರಿಂದ ತರೀಕೆರೆ, ಕಡೂರು, ಅಜ್ಜಂಪುರದ ಶಾಲೆಗಳ ಮುಖ್ಯೋಪಾಧ್ಯಾಯರಿಗೂ ದೈಹಿಕ ಶಿಕ್ಷಕರಿಗೂ ಒಂದು ಮನವಿ. ಟರ್ಫ್ ಬರಲಿ, ಅನುದಾನ ಬರಲಿ ಎಂದು ಕಾಯಬೇಡಿ. ಸುಗ್ಗಿ ಮುಗಿದ ಮೇಲೆ, ಇರುವ ಮಣ್ಣಿನ ಮೈದಾನದಲ್ಲೇ, ಹುಡುಗಿಯರಿಗೆಂದು ಒಂದು ಹಾಕಿ ಪಂದ್ಯಾವಳಿಯನ್ನು ಪ್ರತಿ ವರ್ಷ ಅದೇ ವಾರ ತಪ್ಪದೆ ನಡೆಸಿ. ಕಪ್ಪಿಗೆ ಎಲ್ವೆರಾ ಬ್ರಿಟ್ಟೊ ಅವರ ಹೆಸರಿಡಿ.