ಪಶ್ಮೀನಾ ಮರಿಗಳ ಚಳಿಗಾಲ

ಕಾಶ್ಮೀರಿ ಶಾಲಿನ ಚರಿತ್ರೆಯಲ್ಲಿ ನೇಕಾರರಿದ್ದಾರೆ, ಮೊಗಲ್ ಬಾದಶಹರಿದ್ದಾರೆ, ನೆಪೋಲಿಯನ್ನನ ಹೆಂಡತಿ ಜೋಸೆಫೀನಳೂ ಇದ್ದಾಳೆ. ಶಾಲಿಗೆ ಉಣ್ಣೆ ಕೊಡುವ ಆಡಿನ ಮರಿಗೆ ಅಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಹುಟ್ಟಿದ ಮೊದಲ ಕೆಲವು ವಾರ ಅದು ಚಳಿಗೆ ಸಾಯದೆ ಉಳಿದರೆ ತಾನೆ ಮುಂದಿನದೆಲ್ಲ!

ಲಡಾಖ್‌ನ ಪೂರ್ವಕ್ಕಿರುವ ಚಾಂಗ್‌ಥಾಂಗ್ 4,000 ಮೀಟರಿಗಿಂತ ಎತ್ತರದ ಬೋಳು ಬಯಲು. ರುಪ್ಶು, ಖರ್ನಕ್, ಕೋರ್ಜೋಕ್ ಸೀಮೆಗಳ ಚಾಂಗ್‌ಪಾ ಜನ ಇಲ್ಲಿ ಆಡು, ಕುರಿ, ಯಾಕ್ ಹಿಂಡುಗಳ ಜೊತೆ ಅಲೆಯುತ್ತ ಬದುಕಿದವರು. ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಇಲ್ಲಿನ ಆಡಿಗೆ ಎರಡು ಪದರದ ತುಪ್ಪಳ. ಮೇಲಿನದು ಒರಟು ಕೂದಲು, ಒಳಗಿನದು 12ರಿಂದ 15 ಮೈಕ್ರಾನ್ ದಪ್ಪದ ಪಶ್ಮ್, ಅಂದರೆ ಶಾಲಿನ ಉಣ್ಣೆ. ಬೇಸಗೆಯ ನಡುವಿನಿಂದ, ಹಗಲು ಕಿರಿದಾಗುತ್ತ ಬಂದಂತೆ ಬೆಳೆಯುವ ಈ ಒಳತುಪ್ಪಳ ವಸಂತದ ಹೊತ್ತಿಗೆ ತಾನಾಗಿ ಸಡಿಲಾಗುತ್ತದೆ. ಆಗ ಬಾಚಿ ತೆಗೆದರೆ ಒಂದು ಆಡಿಗೆ ಸುಮಾರು 250 ಗ್ರಾಂ.

ದೊಡ್ಡ ಆಡಿಗೆ ಇನ್ನೊಂದು ಬಲವೂ ಉಂಟು. ಮೇದ ಮೇವು ಹೊಟ್ಟೆಯೊಳಗೆ ಹುದುಗುವಾಗ ಹುಟ್ಟುವ ಕಾವು ಅದರ ಮೈಯನ್ನು ಬೆಚ್ಚಗಿಡುತ್ತದೆ. ಈಗ ತಾನೇ ನೆಲಕ್ಕೆ ಬಿದ್ದ ಮರಿಗೆ ಇವೆರಡೂ ಇಲ್ಲ. ಮೈ ಒದ್ದೆ, ಹೊಟ್ಟೆ ಖಾಲಿ, ಹೊರಗೆ ಬೀಸುಗಾಳಿ. ಹುಟ್ಟುವಾಗಲೇ ಮೈಯಲ್ಲಿ ತುಸು ವಿಶೇಷ ಕೊಬ್ಬು ಇರುತ್ತದೆ. ಅದು ಉರಿದು ಕಾವು ಕೊಡುವುದು ಅಲ್ಪ ಹೊತ್ತು ಮಾತ್ರ. ಅಷ್ಟರೊಳಗೆ ತಾಯಿ ನೆಕ್ಕಿ ಒಣಗಿಸಬೇಕು, ಗಿಣ್ಣುಹಾಲು ಹೊಟ್ಟೆ ಸೇರಬೇಕು. ಹಾಗಾದರೆ ಇಂಥ ಚಳಿಯಲ್ಲೇ ಏಕೆ ಈಯಬೇಕು? ಆಡಿನ ಬಸಿರು ಐದು ತಿಂಗಳು. ಚಳಿಗಾಲದ ಕೊನೆಗೆ ಹುಟ್ಟಿದ ಮರಿ, ಗಿಡ್ಡ ಬೇಸಗೆಯಲ್ಲಿ ಹುಲ್ಲು ಚಿಗುರುವ ಹೊತ್ತಿಗೆ ಮೇಯಲು ಕಲಿತಿರುತ್ತದೆ. ತಡವಾಗಿ ಹುಟ್ಟಿದ್ದು ಬಲಿಯುವ ಮುನ್ನವೇ ಮತ್ತೆ ಹಿಮ ಬಂದಿರುತ್ತದೆ.

ಚಾಂಗ್‌ಪಾಗಳ ಸಾಂಪ್ರದಾಯಿಕ ಡೇರೆ ‘ರೆಬೋ’, ಯಾಕ್ ಕೂದಲಿನ ನೇಯ್ಗೆ. ಸುಮಾರು ಎರಡಡಿ ಆಳದ ಗುಂಡಿ ತೋಡಿ, ಸುತ್ತ ಕಲ್ಲು ಪೇರಿಸಿ, ಅದರ ಮೇಲೆ ಡೇರೆ ಹೂಡುತ್ತಾರೆ. ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ. ಮನುಷ್ಯರಿಗೆ ಹೊಳೆದ ಈ ಉಪಾಯವೇ ಮರಿಗಳಿಗೂ: ಕಲ್ಲಿನ ಪುಟ್ಟ ಗೂಡು, ಮೇಲೆ ಮುಚ್ಚಿಗೆ ಹಾಕಿದ ಕುಳಿ, ಅಡಿಯಲ್ಲಿ ಒಣಗಿದ ಹಿಕ್ಕೆಯ ಹಾಸು. ನಿಶ್ಶಕ್ತ ಮರಿಗಳಿಗೆ ರೆಬೋದೊಳಗೆ, ಒಲೆಯ ಪಕ್ಕದಲ್ಲೇ ಜಾಗ. ಒಲೆಗೆ ಯಾಕ್ ಸಗಣಿ, ಇಲ್ಲವೇ ‘ಬುರ್ತ್ಸೆ’ ಎಂಬ ಗಿಡ್ಡ ಪೊದೆಯ ಬೊಡ್ಡೆ. ಹಗಲು ತಾಯಂದಿರು ಮೇವಿಗೆ ಹೋದಾಗ ಮರಿಗಳು ಬೀಡಿನಲ್ಲೇ ಉಳಿಯುತ್ತವೆ. ಸಂಜೆ ಹಿಂಡು ಮರಳಿದೊಡನೆ ಏಳುವ ಗದ್ದಲದಲ್ಲಿ ಯಾವ ಮರಿ ಯಾವ ತಾಯಿಯದೆಂದು ಹೊಂದಿಸಬೇಕು, ಮರಿಯನ್ನು ಒದ್ದು ದೂಡುವ ತಾಯಿಯನ್ನು ಹಿಡಿದು ನಿಲ್ಲಿಸಿ ಹಾಲೂಡಿಸಬೇಕು. ಕಂಬಳಿಯ ಮಡಿಲಲ್ಲಿ ಎಳೆಮರಿ ಹೊತ್ತು ನಡೆಯುವ ನಮ್ಮ ಕುರುಬರಿಗೆ ಈ ದುಡಿಮೆಯನ್ನು ಬಿಡಿಸಿ ಹೇಳಬೇಕಿಲ್ಲ.

ಈ ಆಡುಗಳ ಪಶ್ಮ್‌ಗಾಗಿ ರಾಜ್ಯಗಳು ಒಪ್ಪಂದ ಬರೆದುಕೊಂಡವು. 1684ರ ತಿಂಗ್‌ಮೊಸ್‌ಗಾಂಗ್ ಒಪ್ಪಂದದಿಂದ ಪಶ್ಚಿಮ ಟಿಬೆಟ್ಟಿನ ಪಶ್ಮ್ ಲಡಾಖ್‌ಗೆ ಮಾತ್ರ ಸಲ್ಲಬೇಕೆಂದಾಯಿತು, ಅಲ್ಲಿಂದ ಕಾಶ್ಮೀರಕ್ಕೆ. ಇದನ್ನು ನೋಡಿ ಹೊರಗಿನವರಿಗೆ ಆಸೆ ಹುಟ್ಟಿದ್ದು ಸಹಜ. 1774ರಲ್ಲಿ ಜಾರ್ಜ್ ಬೋಗಲ್‌ನನ್ನು ಟಿಬೆಟ್ಟಿಗೆ ಕಳಿಸುವಾಗ ಈಸ್ಟ್ ಇಂಡಿಯಾ ಕಂಪನಿಯ ವಾರನ್ ಹೇಸ್ಟಿಂಗ್ಸ್ ಶಾಲಿನ ಆಡುಗಳನ್ನೂ ತರಹೇಳಿದ. 1783ರಲ್ಲಿ ಹೋದ ಸ್ಯಾಮುಯೆಲ್ ಟರ್ನರ್ ಬಂಗಾಳಕ್ಕೆ ಇಳಿಸಿ ತಂದ ಆಡುಗಳು ಬಹುಪಾಲು ಸತ್ತವು. 1812ರಲ್ಲಿ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಗೋಸಾಯಿಯ ವೇಷ ತೊಟ್ಟು ಮಾನಸಸರೋವರದವರೆಗೆ ನಡೆದು ಆಡು ಕೊಂಡು ತಂದ. ಬ್ರಿಟನ್ ಮುಟ್ಟಿದ್ದು ಬೆರಳೆಣಿಕೆಯಷ್ಟು. ಫ್ರಾನ್ಸಿನ ಉದ್ಯಮಿ ಟರ್ನೊಗಾಗಿ ಅಮೆಡೆ ಜೋಬೆರ್ ಕಿರ್ಗಿಜ್ ಹುಲ್ಲುಗಾವಲಿನ ಕಡೆಯ ಸಾವಿರಕ್ಕೂ ಹೆಚ್ಚು ಆಡು ಕೊಂಡ. 1819ರಲ್ಲಿ ಫ್ರಾನ್ಸಿನ ಕರಾವಳಿಗೆ ಬಂದಿಳಿದವು ಸುಮಾರು 400. ಇವರೆಲ್ಲ ಪ್ರಾಣಿಯನ್ನಷ್ಟೇ ಕೊಂಡುಕೊಂಡರು. ಅದರ ಚಳಿಯೂ, ಆ ಚಳಿಯಲ್ಲಿ ಮರಿ ಉಳಿಸುವ ಮಂದಿಯೂ ಹಿಂದೆಯೇ ಉಳಿದರು.

ಜಮ್ಮುವಿನ ಸೇನಾನಿ ಜೋರಾವರ್ ಸಿಂಗ್ ಹಿಡಿದ ದಾರಿ ಬೇರೆ: ಆಡನ್ನು ತರುವ ಬದಲು ಅದರ ಸೀಮೆಯನ್ನೇ ಗೆಲ್ಲುವುದು. 1834ರಲ್ಲಿ ಲಡಾಖ್ ಮೇಲೆ ದಂಡೆತ್ತಿದ, 1841ರಲ್ಲಿ ಪಶ್ಚಿಮ ಟಿಬೆಟ್ಟಿಗೆ ನುಗ್ಗಿದ. ಡಿಸೆಂಬರಿನಲ್ಲಿ ಅವನ ಸೈನಿಕರ ಬೆರಳುಗಳು ಹಿಮಕ್ಕೆ ಕೊಳೆತವು; ಮೈ ಕಾಯಿಸಲು ಕೋವಿಯ ಹಿಡಿಗಳನ್ನೂ ಸುಟ್ಟರಂತೆ. ಅದೇ ತಿಂಗಳು ಯುದ್ಧದಲ್ಲಿ ಅವನು ಸತ್ತ.

1962ರ ಭಾರತ-ಚೀನಾ ಯುದ್ಧದ ಸುಮಾರಿಗೆ ಗಡಿ ಬಿಗಿಯಾಯಿತು, ಟಿಬೆಟ್ಟಿನಿಂದ ನಿರಾಶ್ರಿತರು ಹಿಂಡುಗಳ ಸಮೇತ ಬಂದರು, ಇದ್ದ ಹುಲ್ಲುಗಾವಲಿನ ಮೇಲೆ ಒತ್ತಡ ಹೆಚ್ಚಿತು. ಮೇವು ಕಡಿಮೆಯಾದರೆ ತಾಯಿಗೆ ಹಾಲಿಲ್ಲ. ಹಾಲಿಲ್ಲದ ಮರಿಗೆ ಎಷ್ಟು ಬೆಚ್ಚನೆಯ ಗೂಡಿದ್ದರೂ ಸಾಲದು. 2013ರ ಆರಂಭದಲ್ಲಿ ವಿಪರೀತ ಹಿಮ ಬಿದ್ದು ಹುಲ್ಲು ಹೂತುಹೋದಾಗ ಇದೇ ನಡೆಯಿತು. ಸಾವಿರಾರು ಮರಿಗಳು ಸತ್ತವು.

ಈಗ ಲಡಾಖ್‌ನಲ್ಲಿ ಬಿಸಿಲ ಕಾವನ್ನು ಹಿಡಿದಿಡುವ ಮರಿ ಕೊಟ್ಟಿಗೆಗಳು ಬಂದಿವೆ. ಹಗಲಿನ ಬಿಸಿಲು ಪಾರದರ್ಶಕ ಹಾಳೆಯ ಮೂಲಕ ಒಳಬಂದು ಗೋಡೆಗಳನ್ನು ಕಾಯಿಸುತ್ತದೆ, ಆ ಕಾವು ರಾತ್ರಿಗೆ ಒದಗುತ್ತದೆ. ಚಾಂಗ್‌ಥಾಂಗ್‌ನಲ್ಲಿ ಮೋಡಕ್ಕಿಂತ ಬಿಸಿಲೇ ಹೆಚ್ಚಾದ್ದರಿಂದ ಇದು ಊರಿಗೊಪ್ಪುವ ಉಪಾಯ. ಇತ್ತ ಖರ್ನಕ್‌ನ ಬಹಳಷ್ಟು ಕುಟುಂಬಗಳು ಮಕ್ಕಳ ಓದು, ಆಸ್ಪತ್ರೆ, ಕೂಲಿಗೆಂದು ಲೇಹ್ ಪಟ್ಟಣದ ಪಕ್ಕದ ಖರ್ನಕ್ಲಿಂಗ್‌ನಲ್ಲಿ ನೆಲೆಸಿವೆ. ಕೆಲವರು ಹಿಂಡು ಮಾರಿದ್ದಾರೆ. ಇನ್ನು ಕೆಲವರ ಆಡುಗಳು ಮೇಲೆಯೇ ಉಳಿದ ಬಂಧುಗಳ ಹಿಂಡಿನಲ್ಲಿ ಸೇರಿಕೊಂಡಿವೆ, ಅವುಗಳ ಮರಿಗಳ ಬಾಣಂತನವೂ ಅವರ ಪಾಲಿಗೇ ಬಿದ್ದಿದೆ.