ಡಚ್ ಭಾಷೆಯ ಕಾಗುಣಿತ ಕಲಹ

ಒಂದು ಭಾಷೆಯ ಕಾಗುಣಿತವನ್ನು ನಿರ್ಧರಿಸಬೇಕಾದವರು ಯಾರು? ಸರಕಾರವೇ, ಪಂಡಿತರೇ, ದಿನನಿತ್ಯ ಬರೆಯುವವರೇ? ಡಚ್ಚರು ಎರಡು ಶತಮಾನಗಳಿಂದ ಈ ಬಗ್ಗೆ ಜಗಳವಾಡುತ್ತಲೇ ಬಂದಿದ್ದಾರೆ.

ಲೈಡನ್‌ನ ಪ್ರಾಧ್ಯಾಪಕ ಸೀಗನ್‌ಬೇಕ್ 1804ರಲ್ಲಿ ರೂಪಿಸಿದ್ದು ಅಲ್ಲಿನ ಮೊದಲ ಸರಕಾರಿ ಕಾಗುಣಿತ. ಕವಿ ಬಿಲ್ಡರ್‌ಡೈಕ್ ಅದನ್ನು ಒಪ್ಪಲಿಲ್ಲ. 1830ರಲ್ಲಿ ಬೆಲ್ಜಿಯಂ ಬೇರೆಯಾದ ಮೇಲಂತೂ ಅಕ್ಷರಗಳಿಗೂ ರಾಜಕೀಯ ಅಂಟಿಕೊಂಡಿತು. ದೀರ್ಘ ‘ಆ’ ಧ್ವನಿಗೆ ಹಾಲೆಂಡಿನವರು ಎರಡು ‘ಎ’ ಬರೆದರೆ, ಬೆಲ್ಜಿಯಂನ ಡಚ್ ಭಾಷಿಕರು ‘ಎ’ಯ ಮುಂದೆ ‘ಇ’ ಬರೆಯುತ್ತಿದ್ದರು. ಹಾಲೆಂಡಿನ ರೀತಿಯನ್ನು ಒಪ್ಪಿದರೆ ಕ್ಯಾಥೊಲಿಕರ ಮೇಲೆ ಪ್ರಾಟೆಸ್ಟಂಟರ ನೆರಳು ಬೀಳುತ್ತದೆಂದು ಹೆದರಿದವರೂ ಇದ್ದರು! ಎರಡು ನಾಡುಗಳನ್ನು ಮತ್ತೆ ಹತ್ತಿರ ತಂದದ್ದು ಒಂದು ನಿಘಂಟು. ಅದಕ್ಕಾಗಿ ಡೆ ವ್ರೀಸ್ ಮತ್ತು ಟೆ ವಿಂಕಲ್ 1863ರಲ್ಲಿ ಸಿದ್ಧಪಡಿಸಿದ ಕಾಗುಣಿತವನ್ನು ಬೆಲ್ಜಿಯಂ ಮರುವರ್ಷವೇ ಸ್ವೀಕರಿಸಿತು. ನೆದರ್‌ಲ್ಯಾಂಡ್ಸ್ ಸರಕಾರ ಒಪ್ಪಿದ್ದು 1883ರಲ್ಲಿ.

1954ರಲ್ಲಿ ಎರಡೂ ದೇಶಗಳಿಗೆ ಸೇರಿದ ಪದಪಟ್ಟಿ ಬಂತು. ಹೊದಿಕೆಯ ಬಣ್ಣದಿಂದಾಗಿ ಅದು ‘ಹಸಿರು ಪುಸ್ತಕ’ವೆಂದೇ ಹೆಸರಾಯಿತು. 1980ರ ಒಪ್ಪಂದದಂತೆ ಹುಟ್ಟಿದ ಭಾಷಾ ಒಕ್ಕೂಟವು 1995ರಲ್ಲಿ ಅದನ್ನು ಪರಿಷ್ಕರಿಸಿತು. ಬಾಣಲೆಯಲ್ಲಿ ಹುಯ್ದು ಬೇಯಿಸುವ, ನಮ್ಮ ದೋಸೆಯಂಥ ‘ಪನ್ನೆಕೂಕ್’ ಎಂಬ ತಿನಿಸಿನ ಹೆಸರಿನ ನಡುವೆ ಆಗ ಒಂದು ‘ನ್’ ಸೇರಿತು. ಆ ‘ನ್’ ಬಹುವಚನದ ಗುರುತು. ಹೆಚ್ಚಿನವರ ಬಾಯಲ್ಲಿ ಅದು ಕೇಳಿಸುವುದೂ ಇಲ್ಲ. ಒಂದು ದೋಸೆಗೆ ಎಷ್ಟು ಬಾಣಲೆ ಬೇಕು ಎಂದು ಜನ ನಕ್ಕರು. ಹತ್ತು ವರ್ಷಗಳಲ್ಲಿ, 2005ರಲ್ಲಿ, ಮತ್ತೊಮ್ಮೆ ಬದಲಾವಣೆ ಬಂದಾಗ ಆ ನಗು ಸಿಟ್ಟಾಯಿತು. ‘ಫೋಕ್ಸ್‌ಕ್ರಾಂಟ್’, ‘ಟ್ರೌ’ ಮುಂತಾದ ಪತ್ರಿಕೆಗಳು ಹೊಸ ನಿಯಮಗಳನ್ನು ಬಹಿಷ್ಕರಿಸಿದವು. ‘ನಮ್ಮ ಭಾಷೆ’ ಎಂಬ ಅರ್ಥದ ಹೆಸರಿನ ಸಂಘವೊಂದು 2006ರಲ್ಲಿ ‘ಬಿಳಿ ಪುಸ್ತಕ’ವನ್ನೇ ಹೊರತಂದು, ‘ನ್’ ಬೇಕೋ ಬೇಡವೋ ಎಂಬುದನ್ನು ಬರೆಯುವವರಿಗೇ ಬಿಟ್ಟಿತು.

ದೋಸೆಯ ಮಾತು ತಮಾಷೆಯೆನಿಸಬಹುದು. ಆದರೆ 2005ರ ಇನ್ನೊಂದು ನಿಯಮ ಹಾಗಲ್ಲ. ಯಹೂದಿ ಎಂಬುದು ಜನಾಂಗವನ್ನು ಸೂಚಿಸಿದರೆ ದೊಡ್ಡಕ್ಷರ, ಧರ್ಮವನ್ನು ಸೂಚಿಸಿದರೆ ಸಣ್ಣಕ್ಷರ. ಮುಸ್ಲಿಮ್, ಕ್ರೈಸ್ತ ಎಂಬ ಪದಗಳಿಗೆ ಸಣ್ಣಕ್ಷರ; ತುರ್ಕಿ, ಮೊರೊಕ್ಕೊ ದೇಶದವರಿಗೆ ದೊಡ್ಡಕ್ಷರ. ದೊಡ್ಡದು ಚಿಕ್ಕದೆಂಬ ಭೇದವಿಲ್ಲದ ಲಿಪಿಯಲ್ಲಿ ಬರೆಯುವ ನಮಗೆ ಇದರ ಬಿಸಿ ತಟ್ಟುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ನೆದರ್‌ಲ್ಯಾಂಡ್ಸಿನ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಕೊಲ್ಲಲಾಯಿತು. ಕೊಂದವರು ನೋಡಿದ್ದು ವಂಶವನ್ನು, ನಂಬಿಕೆಯನ್ನಲ್ಲ. ಹಾಗಿರುವಾಗ ಒಬ್ಬ ಮನುಷ್ಯನ ಬಗ್ಗೆ ಬರೆಯುವಾಗಲೆಲ್ಲ ಅವನು ಹುಟ್ಟಿನಿಂದ ಯಹೂದಿಯೋ ನಂಬಿಕೆಯಿಂದಲೋ ಎಂದು ತೀರ್ಮಾನಿಸುವ ಹೊಣೆಯನ್ನು ಬರಹಗಾರನ ಹೆಗಲಿಗೆ ಹಾಕುವುದು ನಮಗೆ ಸರಿಯೆನಿಸುವುದಿಲ್ಲ.

2015ರ ಹಸಿರು ಪುಸ್ತಕವು ಹೊಸ ಪದಗಳನ್ನು ಸೇರಿಸಿತೇ ಹೊರತು ನಿಯಮಗಳನ್ನು ಮುಟ್ಟಲಿಲ್ಲ. ನೆದರ್‌ಲ್ಯಾಂಡ್ಸಿನ ಕಾನೂನಿನ ಪ್ರಕಾರ ಸರಕಾರಿ ಕಚೇರಿಗಳು, ಸರಕಾರದ ಹಣದಿಂದ ನಡೆಯುವ ಶಾಲೆಗಳು ಮತ್ತು ಪರೀಕ್ಷೆಗಳಿಗೆ ಹಸಿರು ಕಾಗುಣಿತ ಕಡ್ಡಾಯ. ಪತ್ರಿಕೆಗಳಿಗೆ ಆ ಕಟ್ಟುಪಾಡಿಲ್ಲ. ಆದ್ದರಿಂದ ಪತ್ರಿಕೆಯೊಂದು ‘ನ್’ ಬಿಟ್ಟು ಬರೆದರೆ ಅದು ಅದರ ಸ್ವಾತಂತ್ರ್ಯ. ಹಾಗೆಯೇ ಬರೆದ ಶಾಲಾ ಹುಡುಗನದು ತಪ್ಪು.