ಸ್ಟಾಂಪಿನ ದುಡ್ಡು ಯಾರಿಗೆ? (ವ್ಯಾಪಾರದ ಇತಿಹಾಸ, ಭಾಗ 6)

ಒಂದು ಪ್ರಶ್ನೆ. ನೀವು ಬೆಂಗಳೂರಲ್ಲಿ ಸ್ಟಾಂಪ್ ಅಂಟಿಸಿ ಜರ್ಮನಿಗೆ ಒಂದು ಕಾಗದ ಹಾಕ್ತೀರಿ. ದುಡ್ಡು ತಗೊಂಡಿದ್ದು ಇಲ್ಲಿನ ಅಂಚೆ. ಮನೆ ಬಾಗಿಲಿಗೆ ಮುಟ್ಟಿಸೋದು ಅಲ್ಲಿನ ಅಂಚೆ. ಹಾಗಾದ್ರೆ ಅವರ ಕೂಲಿ ಯಾರು ಕೊಡ್ತಾರೆ?

150 ವರ್ಷಗಳ ಹಿಂದೆ ಇದು ದೊಡ್ಡ ತಲೆನೋವು. ದೇಶ ದೇಶದ ನಡುವೆ ಬೇರೆ ಬೇರೆ ಒಪ್ಪಂದ. ಕಾಗದ ಹೋಗೋ ದಾರಿ ಬದಲಾದ್ರೆ ದರವೂ ಬದಲು. ಬಂದ ದುಡ್ಡನ್ನು ದಾರಿಯಲ್ಲಿನ ದೇಶಗಳು ಪಾಲು ಮಾಡಿಕೊಳ್ಳಬೇಕು. ಬೆಲೆ ಕೇಳೋಕೆ ಒಂದು ಕಾಗದ, ಆರ್ಡರ್‌ಗೆ ಇನ್ನೊಂದು, ಬಿಲ್ಲಿಗೆ ಮತ್ತೊಂದು ಬರೆಯೋ ವ್ಯಾಪಾರಿಯ ಪಾಡು ಯೋಚಿಸಿ.

1863ರಲ್ಲಿ 15 ದೇಶಗಳು ಪ್ಯಾರಿಸ್‌ನಲ್ಲಿ ಸೇರಿ ಮಾತಾಡಿದ್ವು, ಆದರೆ ಒಪ್ಪಂದ ಆಗಲಿಲ್ಲ. ಜರ್ಮನಿಯ ಅಂಚೆ ಮುಖ್ಯಸ್ಥ ಹೈನ್ರಿಕ್ ಫಾನ್ ಸ್ಟೆಫಾನ್ ಬಿಡಲಿಲ್ಲ. 1874ರ ಸೆಪ್ಟೆಂಬರ್‌ನಲ್ಲಿ ಸ್ವಿಜರ್ಲೆಂಡಿನ ಬರ್ನ್‌ನಲ್ಲಿ 22 ದೇಶಗಳು ಸೇರಿದವು. ಅಕ್ಟೋಬರ್ 9ರಂದು ಒಪ್ಪಂದಕ್ಕೆ ಸಹಿ ಬಿತ್ತು. ಇವತ್ತಿಗೂ ಅದೇ ವಿಶ್ವ ಅಂಚೆ ದಿನ.

ಅಲ್ಲಿ ತೀರ್ಮಾನ ಆಗಿದ್ದೇನು? ಸದಸ್ಯ ದೇಶಗಳೆಲ್ಲ ಸೇರಿ ಅಂಚೆಯ ಮಟ್ಟಿಗೆ ಒಂದೇ ಪ್ರದೇಶ. 15 ಗ್ರಾಂ ಕಾಗದಕ್ಕೆ ಮೂಲ ದರ 25 ಸೆಂಟೀಂ. ಸರಕಿನ ಸ್ಯಾಂಪಲ್, ವ್ಯಾಪಾರದ ದಾಖಲೆಗಳಿಗೂ ನಿಯಮ.

ಬಿಕಾಂ ಓದೋ ನನಗೆ ಇಷ್ಟವಾದದ್ದು ಇನ್ನೊಂದು. ಯಾರು ಸ್ಟಾಂಪ್ ಮಾರ್ತಾರೋ ದುಡ್ಡು ಪೂರ್ತಿ ಅವರಿಗೇ. ನಡುವೆ ಸಾಗಿಸುವ ದೇಶಕ್ಕೆ ಮಾತ್ರ ಸಾಗಣೆ ಹಣ. ಹಂಚೋ ದೇಶಕ್ಕೆ ಏನೂ ಇಲ್ಲ! ಯಾಕಂದ್ರೆ ಒಂದು ಕಾಗದ ಹೋದ್ರೆ ಒಂದು ಉತ್ತರ ಬರುತ್ತೆ. ಇವತ್ತು ನಿಮ್ಮದು ನಾನು ಹಂಚ್ತೀನಿ, ನಾಳೆ ನನ್ನದು ನೀವು. ಲೆಕ್ಕ ಸರಿಸಮ. ರಾಶಿ ರಾಶಿ ಲೆಡ್ಜರ್ ಕೆಲಸ ಒಂದೇ ವಾಕ್ಯದಲ್ಲಿ ಮುಗೀತು.

ಭಾರತ ಸೇರಿದ್ದು 1876ರ ಜುಲೈನಲ್ಲಿ. ಮಂಗಳೂರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಗಿ ಆಗಲೇ 11 ವರ್ಷ. ಅದರ ಮುಖ್ಯ ಕಚೇರಿ ಇದ್ದದ್ದು ಸ್ವಿಜರ್ಲೆಂಡಿನಲ್ಲೇ. ಹೀಗೆ ನಮ್ಮ ಕರಾವಳಿಯೂ ಆ ಒಂದೇ ಅಂಚೆ ಪ್ರದೇಶದೊಳಗೆ ಬಂತು.

ಆದರೆ ಕಾಗದಕ್ಕೆ ಉತ್ತರ ಬರುತ್ತೆ, ಕ್ಯಾಟಲಾಗಿಗೆ, ಪತ್ರಿಕೆಗೆ ಬರುತ್ತಾ? ಕಳಿಸೋದಕ್ಕಿಂತ ಪಡೆಯೋದೇ ಹೆಚ್ಚಿದ್ದ ದೇಶಗಳು ಬಿಟ್ಟಿ ಹಂಚ್ತಾ ಕೂತ್ವು. ಇದು ಸರಿಯಾಗೋಕೆ ಇನ್ನೊಂದು ಸಮ್ಮೇಳನ ಬೇಕಾಯ್ತು. 1969ರಲ್ಲಿ ಟೋಕಿಯೋದಲ್ಲಿ, ಹಂಚುವ ದೇಶಕ್ಕೂ ಹಣ ಕೊಡಬೇಕು ಅಂತ ಒಪ್ಪಿದ್ರು. ಸುಮಾರು ಒಂದು ಶತಮಾನದ ಮೇಲೆ!

ಜಗಳ ಅಲ್ಲಿಗೂ ನಿಲ್ಲಲಿಲ್ಲ. ಚೀನಾದಿಂದ ಆನ್‌ಲೈನ್ ಶಾಪಿಂಗ್‌ನ ಸಣ್ಣ ಪ್ಯಾಕೆಟ್‌ಗಳು ತೀರಾ ಕಡಿಮೆ ದರಕ್ಕೆ ಬಂದು ಬೀಳ್ತಿವೆ, ನಾವು ಒಕ್ಕೂಟ ಬಿಡ್ತೀವಿ ಅಂತ 2018ರಲ್ಲಿ ಅಮೆರಿಕ ಹೇಳಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ತುರ್ತಾಗಿ ಎಲ್ಲರೂ ಸೇರಿ, ತನ್ನ ದರ ತಾನೇ ಹೇಳೋ ಅವಕಾಶ ಕೊಟ್ಟ ಮೇಲೆ ಅಮೆರಿಕ ಉಳೀತು.

ಅಂತರರಾಷ್ಟ್ರೀಯ ಸಮ್ಮೇಳನ ಅಂದ್ರೆ ಭಾಷಣ, ಗ್ರೂಪ್ ಫೋಟೋ ಅಂದ್ಕೊಂಡಿದ್ದೆ. ಅಲ್ಲ. ಖರ್ಚು ಯಾರ ತಲೆ ಮೇಲೆ ಅಂತ ತೀರ್ಮಾನ ಆಗೋದು ಅಲ್ಲಿ. ಅಲ್ಲಿ ತಪ್ಪಾದ್ರೆ ಸರಿಪಡಿಸೋದೂ ಮತ್ತೆ ಅಂಥದ್ದೇ ಕೋಣೆಯಲ್ಲಿ. ಆ ಕೋಣೆಯಲ್ಲಿ ನಮಗೊಂದು ಕುರ್ಚಿ ಇದೆಯಾ ಅನ್ನೋದೇ ಮುಖ್ಯ.

ನಿಮ್ಮ ಮನೆಯಲ್ಲಿ ಹಳೇ ವಿದೇಶಿ ಕಾಗದ ಇದ್ರೆ, ಸ್ಟಾಂಪ್ ಯಾವ ದೇಶದ್ದು ಅಂತ ಕಾಮೆಂಟಲ್ಲಿ ಹೇಳಿ.